ಮೈಕ್ ಹೇಲ್‌ವುಡ್

ಸ್ಟ್ಯಾನ್ಲಿ ಮೈಕೇಲ್ ಬೈಲಿ ಹೇಲ್‌ವುಡ್ (2 ಏಪ್ರಿಲ್ 1940 – 23 ಮಾರ್ಚ್ 1981) ಇಂಗ್ಲೆಂಡಿನ ಪ್ರಸಿದ್ಧ ಮೋಟಾರ್ ಸೈಕಲ್ ಸ್ಪರ್ಧಾಳು. ಮೈಕ್ ಹೇಲ್‌ವುಡ್ ಎಂಬ ಹೆಸರಿನಿಂದಲೇ ಪರಿಚಿತರಾದ ಇವರನ್ನು ಅಭಿಮಾನಿಗಳು ‘ಮೈಕ್ ದ ಬೈಕ್’ ಎಂದು ಕರೆಯುತ್ತಿದ್ದರು. 1961ರಿಂದ 1967ರವರೆಗಿನ ಏಳು ವರ್ಷಗಳಲ್ಲಿ ಇವರು 250, 350 ಹಾಗೂ 500 ಸಿ.ಸಿ. ವರ್ಗಗಳಲ್ಲಿ ಒಟ್ಟು ಒಂಬತ್ತು ವಿಶ್ವ ಚಾಂಪಿಯನ್ ಪಟ್ಟಗಳನ್ನು ಪಡೆದರು. ಇವರು ಗೆದ್ದ ಗ್ರ್ಯಾನ್ ಪ್ರಿ ಸ್ಪರ್ಧೆಗಳ ಸಂಖ್ಯೆ 76. ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಸ್ಪರ್ಧೆಯಲ್ಲಿ 14 ಬಾರಿ ಜಯಶಾಲಿಯಾದರು. ಮುಂದೆ ಫಾರ್ಮುಲಾ ಒನ್ ಕಾರು ಓಟದಲ್ಲಿಯೂ ಭಾಗವಹಿಸಿದರು.

ಮೋಟಾರ್ ಸೈಕಲ್ ಓಟದ ಗೆಲುವು ಸವಾರನಿಗೆ ಸೇರಿದ್ದೋ ಯಂತ್ರಕ್ಕೆ ಸೇರಿದ್ದೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ಹೇಲ್‌ವುಡ್ ಅವರ ಹೆಸರು ಪ್ರಸ್ತಾಪಕ್ಕೆ ಬರುತ್ತದೆ. ಡುಕಾಟಿ, ನಾರ್ಟನ್, ಎಂ.ವಿ. ಅಗಸ್ಟಾ, ಹೋಂಡಾ, ಸುಜುಕಿ ಹೀಗೆ ಪರಸ್ಪರ ಹೋಲಿಕೆಯೇ ಇಲ್ಲದ ಬೈಕುಗಳ ಮೇಲೆ ಅವರು ಗೆದ್ದರು. ಅದೇ ವೇಳೆ, ತಂಡವೊಂದರ ತೀರ್ಮಾನವು ಎಷ್ಟೇ ಸಮರ್ಥನಾದ ಸವಾರನನ್ನೂ ಕಟ್ಟಿಹಾಕಬಲ್ಲದು ಎಂಬುದಕ್ಕೂ ಅವರ ಜೀವನವೇ ನಿದರ್ಶನವಾಗಿದೆ.

ಜನನ ಮತ್ತು ಬಾಲ್ಯ

ಹೇಲ್‌ವುಡ್ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಪ್ರಾಂತದ ಗ್ರೇಟ್ ಮಿಲ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಸ್ಟ್ಯಾನ್ ಹೇಲ್‌ವುಡ್ ಎರಡನೆಯ ಮಹಾಯುದ್ಧಕ್ಕೆ ಮೊದಲು ತಾವೂ ಸ್ಪರ್ಧಿಸಿದ್ದವರು. ಯುದ್ಧಾನಂತರ ಅವರು ಮೋಟಾರ್ ಸೈಕಲ್ ಮಾರಾಟದ ಅಂಗಡಿಗಳ ಸರಣಿಯನ್ನೇ ಕಟ್ಟಿ ಶ್ರೀಮಂತರಾದರು. ಬಾಲಕ ಮೈಕ್ ಮನೆಯ ಹತ್ತಿರದ ಹೊಲದಲ್ಲಿ ಪುಟ್ಟ ಬೈಕನ್ನು ಓಡಿಸಿ ಸವಾರಿಯನ್ನು ಕಲಿತನು. ಪ್ಯಾಂಗ್‌ಬರ್ನ್ ನೌಕಾ ಕಾಲೇಜಿಗೆ ಸೇರಿದರೂ ಶಿಕ್ಷಣವನ್ನು ಪೂರ್ಣಗೊಳಿಸಲಿಲ್ಲ. ಸ್ವಲ್ಪ ಕಾಲ ತಂದೆಯ ವ್ಯಾಪಾರದಲ್ಲಿ, ಅನಂತರ ಟ್ರಯಂಫ್ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು.

22 ಏಪ್ರಿಲ್ 1957ರಂದು ಔಲ್ಟನ್ ಪಾರ್ಕ್‌ನಲ್ಲಿ ಹೇಲ್‌ವುಡ್ ತಮ್ಮ ಮೊದಲ ಸ್ಪರ್ಧೆಗೆ ಇಳಿದರು. ಆಗ ಅವರಿಗೆ 17 ವರ್ಷ. ಆ ದಿನ ಅವರಿಗೆ ದೊರೆತದ್ದು ಹನ್ನೊಂದನೆಯ ಸ್ಥಾನ. ಅದೇ ವರ್ಷದ ಚಳಿಗಾಲದಲ್ಲಿ ತಂದೆ ಅವರನ್ನು ದಕ್ಷಿಣ ಆಫ್ರಿಕಾಕ್ಕೆ ಕಳುಹಿಸಿದರು. ಇಂಗ್ಲೆಂಡಿನಲ್ಲಿ ಓಟಗಳು ನಿಂತಿದ್ದ ತಿಂಗಳುಗಳಲ್ಲಿ ಅಲ್ಲಿನ ಬೇಸಿಗೆಯ ಸ್ಪರ್ಧೆಗಳಿಂದ ಅವರಿಗೆ ಅಪಾರ ಅನುಭವ ದೊರೆಯಿತು.

ತಂದೆಯ ತಂಡ

ಆರಂಭದ ವರ್ಷಗಳಲ್ಲಿ ಹೇಲ್‌ವುಡ್ ಯಾವ ಕಾರ್ಖಾನೆಯ ತಂಡಕ್ಕೂ ಸೇರಿರಲಿಲ್ಲ. ತಂದೆ ಸ್ಟ್ಯಾನ್ ‘ಎಕ್ಯೂರಿ ಸ್ಪೋರ್ಟಿವ್’ ಎಂಬ ಸ್ವಂತ ತಂಡವನ್ನು ಸ್ಥಾಪಿಸಿ, ಪ್ರತಿಯೊಂದು ವರ್ಗಕ್ಕೂ ಪೇಟೆಯಲ್ಲಿ ಲಭ್ಯವಿದ್ದ ಉತ್ತಮ ಬೈಕನ್ನು ಖರೀದಿಸಿ ಮಗನಿಗೆ ಒದಗಿಸುತ್ತಿದ್ದರು. 1958ರಲ್ಲಿ ಡ್ಯಾನ್ ಶೋರಿ ಅವರೊಡನೆ ಟ್ರಯಂಫ್ ಬೈಕಿನಲ್ಲಿ ಥ್ರಕ್ಸ್‌ಟನ್ 500 ಮೈಲಿ ಓಟವನ್ನು ಗೆದ್ದರು. ಅದೇ ವರ್ಷ ಮೊದಲ ಬಾರಿಗೆ ಐಲ್ ಆಫ್ ಮ್ಯಾನ್ ಟಿ.ಟಿ.ಯಲ್ಲಿ ಭಾಗವಹಿಸಿ, 250 ಸಿ.ಸಿ. ವರ್ಗದಲ್ಲಿ ಎನ್.ಎಸ್.ಯು. ಬೈಕಿನೊಂದಿಗೆ ಮೂರನೆಯ ಸ್ಥಾನ ಪಡೆದರು.

ಶ್ರೀಮಂತ ತಂದೆಯ ಹಣವೇ ಓಡುತ್ತಿದೆ, ಹುಡುಗನದೇನೂ ಇಲ್ಲ ಎಂಬ ಮಾತು ಆಗ ಓಟದ ಕಣದಲ್ಲಿ ಕೇಳಿಬರುತ್ತಿತ್ತು. ಒಳ್ಳೆಯ ಬೈಕುಗಳು ಅವರಿಗೆ ಸುಲಭವಾಗಿ ದೊರೆತದ್ದು ನಿಜ. ಆದರೆ ಒಂದೇ ದಿನದಲ್ಲಿ ಮೂರು ನಾಲ್ಕು ವರ್ಗಗಳಲ್ಲಿ, ಬೇರೆ ಬೇರೆ ಎಂಜಿನ್, ಗೇರ್ ಮತ್ತು ಬ್ರೇಕುಗಳಿದ್ದ ಬೈಕುಗಳನ್ನು ಒಂದಾದ ಮೇಲೊಂದರಂತೆ ಓಡಿಸಬೇಕಾದ ಅಭ್ಯಾಸ ಅವರಿಗೆ ಲಾಭವಾಯಿತು. ಯಾವ ಬೈಕನ್ನು ಕೊಟ್ಟರೂ ಕೆಲವೇ ಸುತ್ತುಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುವ ಗುಣ ಬೆಳೆದದ್ದು ಈ ವರ್ಷಗಳಲ್ಲಿಯೇ.

1959ರಲ್ಲಿ ಅಲ್ಸ್ಟರ್ ಗ್ರ್ಯಾನ್ ಪ್ರಿಯ 125 ಸಿ.ಸಿ. ವರ್ಗದಲ್ಲಿ ಇಟಲಿಯ ಡುಕಾಟಿ ಬೈಕಿನಲ್ಲಿ ಮೊದಲ ಗ್ರ್ಯಾನ್ ಪ್ರಿ ವಿಜಯ ಲಭಿಸಿತು. ಆಗ ಅವರ ವಯಸ್ಸು 19. ಈ ಗೆಲುವಿನ ತರುವಾಯ ಸ್ಟ್ಯಾನ್ ಹೇಲ್‌ವುಡ್ ಡುಕಾಟಿ ಕಾರ್ಖಾನೆಗೆ ಹಣ ಕೊಟ್ಟು ಮಗನಿಗಾಗಿಯೇ ಎರಡು ಸಿಲಿಂಡರಿನ ಬೈಕುಗಳನ್ನು ಮಾಡಿಸಿದರು. ಆ ಬೈಕುಗಳು ನಿರೀಕ್ಷಿತ ಯಶಸ್ಸನ್ನು ಕಾಣಲಿಲ್ಲ.

ಒಂದು ವಾರದಲ್ಲಿ ಮೂರು ಟಿ.ಟಿ. ವಿಜಯಗಳು

ಟಿ.ಟಿ. ಎಂಬುದು ಟೂರಿಸ್ಟ್ ಟ್ರೋಫಿ ಎಂಬುದರ ಹ್ರಸ್ವ ರೂಪ. ಐರಿಷ್ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದ ಸಾಮಾನ್ಯ ರಸ್ತೆಗಳನ್ನೇ ಮುಚ್ಚಿ ಈ ಸ್ಪರ್ಧೆಯನ್ನು ನಡೆಸುತ್ತಾರೆ. ಒಂದು ಸುತ್ತಿನ ಉದ್ದ ಸುಮಾರು 60.7 ಕಿ.ಮೀ. ಊರುಗಳ ನಡುವಿನ ಕಲ್ಲಿನ ಗೋಡೆಗಳು, ಮನೆಗಳು, ಸೇತುವೆಗಳ ಪಕ್ಕದಲ್ಲಿ ಹಾಯ್ದು ಬೆಟ್ಟವನ್ನು ಏರಿ ಇಳಿಯುವ ಈ ಪಥದಲ್ಲಿ ಇನ್ನೂರಕ್ಕೂ ಹೆಚ್ಚು ತಿರುವುಗಳಿವೆ. ಸವಾರರನ್ನು ಒಟ್ಟಿಗೆ ಬಿಡದೆ ನಿಗದಿತ ಅಂತರದಲ್ಲಿ ಬಿಡುವುದರಿಂದ ಸವಾರನು ಮುಖ್ಯವಾಗಿ ಗಡಿಯಾರದೊಡನೆ ಸ್ಪರ್ಧಿಸುತ್ತಾನೆ. ಆ ಕಾಲದಲ್ಲಿ ಇದು ವಿಶ್ವ ಚಾಂಪಿಯನ್‌ಶಿಪ್ಪಿನ ಒಂದು ಸುತ್ತಾಗಿತ್ತು.

1961ರ ಜೂನ್ ತಿಂಗಳಿನಲ್ಲಿ ಹೇಲ್‌ವುಡ್ 125 ಮತ್ತು 250 ಸಿ.ಸಿ. ವರ್ಗಗಳನ್ನು ಜಪಾನಿನ ಹೋಂಡಾ ಬೈಕುಗಳಲ್ಲಿಯೂ, 500 ಸಿ.ಸಿ.ಯ ಸೀನಿಯರ್ ಟಿ.ಟಿ.ಯನ್ನು ಬ್ರಿಟನ್ನಿನ ನಾರ್ಟನ್ ಬೈಕಿನಲ್ಲಿಯೂ ಗೆದ್ದರು. ಒಂದೇ ವಾರದಲ್ಲಿ ಮೂರು ಟಿ.ಟಿ.ಗಳನ್ನು ಗೆದ್ದವರಲ್ಲಿ ಅವರೇ ಮೊದಲಿಗರು. ಹೋಂಡಾ ಬೈಕುಗಳು ಅತಿ ವೇಗವಾಗಿ ತಿರುಗುವ ಹೊಸ ಮಾದರಿಯ ಎಂಜಿನ್ ಹೊಂದಿದ್ದರೆ, ನಾರ್ಟನ್ ಹಳೆಯ ಕಾಲದ ಒಂಟಿ ಸಿಲಿಂಡರಿನ ಬೈಕಾಗಿತ್ತು. ಅದರಲ್ಲಿಯೂ ಗಂಟೆಗೆ 100 ಮೈಲಿ, ಅಂದರೆ 161 ಕಿ.ಮೀ. ಮೀರಿದ ಸರಾಸರಿ ವೇಗವನ್ನು ಸಾಧಿಸಿದರು. 350 ಸಿ.ಸಿ. ವರ್ಗದಲ್ಲಿಯೂ ಅವರೇ ಮುಂದಿದ್ದರು. ಆದರೆ ಓಟದ ಕೊನೆಯ ಹಂತದಲ್ಲಿ ಎ.ಜೆ.ಎಸ್. ಬೈಕಿನ ಎಂಜಿನ್ ಮುರಿದು ನಾಲ್ಕನೆಯ ಜಯ ತಪ್ಪಿಹೋಯಿತು.

ಅದೇ ವರ್ಷ ಹೋಂಡಾ ತಂಡದ ಟಾಮ್ ಫಿಲಿಸ್ ಹಾಗೂ ಜಿಮ್ ರೆಡ್‌ಮನ್ ಅವರನ್ನು ಹಿಂದಿಕ್ಕಿ ಹೇಲ್‌ವುಡ್ 250 ಸಿ.ಸಿ. ವಿಶ್ವ ಚಾಂಪಿಯನ್ ಆದರು. ಹೋಂಡಾ ಕಂಪನಿಗೆ ಆ ವರ್ಗದಲ್ಲಿ ಇದು ಮೊದಲ ಪಟ್ಟವಾಗಿತ್ತು. ಹೇಲ್‌ವುಡ್ ಅವರಿಗೆ ಆಗ 21 ವರ್ಷ.

ಎಂ.ವಿ. ಅಗಸ್ಟಾ ತಂಡದಲ್ಲಿ (1962–1965)

500 ಸಿ.ಸಿ. ವರ್ಗವನ್ನು ಆಗ ಅತ್ಯಂತ ಗೌರವದ ವರ್ಗವೆಂದು ಪರಿಗಣಿಸಲಾಗುತ್ತಿತ್ತು. ಅದರಲ್ಲಿ ಇಟಲಿಯ ಎಂ.ವಿ. ಅಗಸ್ಟಾ ತಂಡದ ನಾಲ್ಕು ಸಿಲಿಂಡರಿನ ಬೈಕಿಗೆ ಸರಿಸಾಟಿ ಇರಲಿಲ್ಲ. 1961ರ ಕೊನೆಯಲ್ಲಿ ಈ ತಂಡ ಹೇಲ್‌ವುಡ್ ಅವರಿಗೆ ಅವಕಾಶ ನೀಡಿತು. ಆ ವರ್ಷದ 350 ಮತ್ತು 500 ಸಿ.ಸಿ. ಚಾಂಪಿಯನ್ ಆಗಿದ್ದ ಗ್ಯಾರಿ ಹಾಕಿಂಗ್ ಅದೇ ತಂಡದ ಮುಖ್ಯ ಸವಾರರಾಗಿದ್ದರು. 1962ರ ಟಿ.ಟಿ.ಯಲ್ಲಿ ಆತ್ಮೀಯ ಗೆಳೆಯ ಟಾಮ್ ಫಿಲಿಸ್ ಅಪಘಾತದಲ್ಲಿ ಮರಣ ಹೊಂದಿದ್ದರಿಂದ ಮನನೊಂದ ಹಾಕಿಂಗ್ ಮೋಟಾರ್ ಸೈಕಲ್ ಓಟವನ್ನೇ ತ್ಯಜಿಸಿದರು. ಕಾರು ಓಟಕ್ಕೆ ಹೋದ ಅವರೂ ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಪಘಾತಕ್ಕೆ ಬಲಿಯಾದರು. ಹೀಗೆ ತಂಡದ ಮುಖ್ಯ ಸವಾರನ ಸ್ಥಾನ ಹೇಲ್‌ವುಡ್ ಪಾಲಿಗೆ ಬಂದಿತು.

1962, 1963, 1964 ಮತ್ತು 1965ರಲ್ಲಿ ಅವರು ಸತತವಾಗಿ 500 ಸಿ.ಸಿ. ಪಟ್ಟವನ್ನು ಉಳಿಸಿಕೊಂಡರು. ಈ ವರ್ಗದಲ್ಲಿ ಸತತ ನಾಲ್ಕು ಬಾರಿ ಚಾಂಪಿಯನ್ ಆದವರಲ್ಲಿ ಅವರೇ ಮೊದಲಿಗರು. 1964ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾದಲ್ಲಿ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ದಾಖಲೆಯನ್ನು ಎಂ.ವಿ. ಬೈಕಿನಲ್ಲಿ ಮುರಿದರು. ಸರಾಸರಿ ವೇಗ ಗಂಟೆಗೆ ಸುಮಾರು 233 ಕಿ.ಮೀ. ಇತ್ತು. ಬೆಳಿಗ್ಗೆ ಈ ದಾಖಲೆ ಮಾಡಿ ಅದೇ ದಿನ ಗ್ರ್ಯಾನ್ ಪ್ರಿ ಓಟವನ್ನೂ ಗೆದ್ದರು.

1965ರ ಸೀನಿಯರ್ ಟಿ.ಟಿ. ಮಳೆಯಲ್ಲಿ ನಡೆಯಿತು. ಸಾರಾಸ್ ಕಾಟೇಜ್ ಎಂಬ ತಿರುವಿನಲ್ಲಿ ಹೇಲ್‌ವುಡ್ ಬಿದ್ದರು. ಬಾಗಿದ ಹ್ಯಾಂಡಲನ್ನು ನೆಟ್ಟಗೆ ಮಾಡಿಕೊಂಡು, ಒಡೆದ ಗಾಳಿತಡೆಯ ಬೈಕನ್ನೇ ಮತ್ತೆ ಏರಿ ಗೆದ್ದರು. ಅದೇ ತಿರುವಿನಲ್ಲಿ ಬಿದ್ದು ಸ್ಪರ್ಧೆಯಿಂದ ಹೊರಗುಳಿದವರಲ್ಲಿ ತಂಡದ ಹೊಸ ಸವಾರ, ಇಟಲಿಯ ಜಿಯಾಕೊಮೊ ಅಗೊಸ್ಟಿನಿಯೂ ಒಬ್ಬರು.

ಹೋಂಡಾ ತಂಡಕ್ಕೆ ಬದಲಾವಣೆ (1966–1967)

1965ರಲ್ಲಿ ಎಂ.ವಿ. ತಂಡಕ್ಕೆ ಬಂದ ಅಗೊಸ್ಟಿನಿ ತರುಣರೂ ಸ್ವದೇಶೀಯರೂ ಆಗಿದ್ದರು. ಇಟಲಿಯ ತಂಡ ಇಟಲಿಯ ಸವಾರನ ಕಡೆಗೆ ಒಲಿಯುವುದು ಸಹಜವಾಗಿತ್ತು. ಇತ್ತ ಹೋಂಡಾ ಕಂಪನಿ ಸಣ್ಣ ವರ್ಗಗಳಲ್ಲಿ ಗೆದ್ದ ಮೇಲೆ 500 ಸಿ.ಸಿ. ಪಟ್ಟದ ಮೇಲೆ ಕಣ್ಣಿಟ್ಟು ಹೇಲ್‌ವುಡ್ ಅವರನ್ನು ಕರೆಯಿತು. 1965ರ ಕೊನೆಯ ಸುತ್ತಾದ ಜಪಾನ್ ಗ್ರ್ಯಾನ್ ಪ್ರಿಯಲ್ಲಿ ಅವರು 350 ಸಿ.ಸಿ. ಓಟವನ್ನು ಎಂ.ವಿ. ತಂಡಕ್ಕಾಗಿಯೂ, 250 ಸಿ.ಸಿ. ಓಟವನ್ನು ಹೋಂಡಾ ಬೈಕಿನಲ್ಲಿಯೂ ಗೆದ್ದರು. ಮರುವರ್ಷ ಪೂರ್ಣವಾಗಿ ಹೋಂಡಾ ತಂಡಕ್ಕೆ ಸೇರಿದರು.

ಹೋಂಡಾದ 250 ಸಿ.ಸಿ. ಬೈಕಿಗೆ ಆರು ಸಿಲಿಂಡರುಗಳಿದ್ದವು. ಅದರ ಎಂಜಿನ್ ನಿಮಿಷಕ್ಕೆ 18,000 ಬಾರಿ ತಿರುಗಬಲ್ಲದಾಗಿತ್ತು. 1966ರಲ್ಲಿ ಈ ವರ್ಗದ 12 ಸುತ್ತುಗಳಲ್ಲಿ ಹತ್ತನ್ನು ಹೇಲ್‌ವುಡ್ ಗೆದ್ದರು. 350 ಸಿ.ಸಿ. ಪಟ್ಟವೂ ಅವರದಾಯಿತು. ಆದರೆ ಕಂಪನಿ ಬಯಸಿದ್ದ 500 ಸಿ.ಸಿ. ಪಟ್ಟ ಮಾತ್ರ ಕೈಗೆ ಸಿಗಲಿಲ್ಲ.

ಇದಕ್ಕೆ ಮೊದಲ ಕಾರಣ ತಂಡದ ವ್ಯವಸ್ಥೆ. ದೊಡ್ಡ ವರ್ಗದಲ್ಲಿ ಪಟ್ಟ ಗೆಲ್ಲುವ ಜವಾಬ್ದಾರಿಯನ್ನು 1966ರ ಆರಂಭದಲ್ಲಿ ಹಿರಿಯ ಸವಾರ ಜಿಮ್ ರೆಡ್‌ಮನ್ ಅವರಿಗೆ ವಹಿಸಲಾಗಿತ್ತು. ಮೊದಲ ಎರಡು ಸುತ್ತುಗಳನ್ನು ರೆಡ್‌ಮನ್ ಗೆದ್ದರು. ಬೆಲ್ಜಿಯಂನಲ್ಲಿ ಮಳೆಯಲ್ಲಿ ಬಿದ್ದು ಗಾಯಗೊಂಡ ಅವರು ಮುಂದೆ ನಿವೃತ್ತಿ ಪಡೆದರು. ಹೇಲ್‌ವುಡ್ ಪಟ್ಟದ ಹೋರಾಟವನ್ನು ಕೈಗೆತ್ತಿಕೊಂಡಾಗ ಋತುವಿನ ಬಹುಭಾಗ ಕಳೆದಿತ್ತು. ಅವರು ಮೂರು ಸುತ್ತುಗಳನ್ನು ಗೆದ್ದರೂ ಕೊನೆಯ ಸುತ್ತಾದ ಮೊಂಜಾದಲ್ಲಿ ಎಂಜಿನ್ ಕೈಕೊಟ್ಟಿದ್ದರಿಂದ ಅಗೊಸ್ಟಿನಿ ಚಾಂಪಿಯನ್ ಆದರು.

ಎರಡನೆಯ ಕಾರಣ ಬೈಕಿನ ಸ್ವಭಾವ. ಹೋಂಡಾದ 500 ಸಿ.ಸಿ. ಎಂಜಿನ್ ಎಂ.ವಿ.ಗಿಂತ ಬಲಶಾಲಿಯಾಗಿತ್ತು. ಆದರೆ ಆ ಬಲವನ್ನು ತಡೆದುಕೊಳ್ಳುವ ಚಾಸಿಸ್ ಅದಕ್ಕೆ ಇರಲಿಲ್ಲ. ವೇಗದ ತಿರುವುಗಳಲ್ಲಿ ಬೈಕು ಓಲಾಡಿ ದಾರಿ ಬಿಟ್ಟು ಸರಿಯುತ್ತಿತ್ತು. ಹೇಲ್‌ವುಡ್ ಹೊರಗಿನ ಕುಶಲಿಗಳಿಂದ ಬೇರೆ ಚಾಸಿಸ್ ಕಟ್ಟಿಸಿದರೂ ಗ್ರ್ಯಾನ್ ಪ್ರಿ ಓಟಗಳಲ್ಲಿ ಕಂಪನಿಯ ಬೈಕನ್ನೇ ಓಡಿಸಬೇಕಾಯಿತು. ಎಂ.ವಿ.ಯ ಮೂರು ಸಿಲಿಂಡರಿನ ಹೊಸ ಬೈಕು ಬಲದಲ್ಲಿ ಸ್ವಲ್ಪ ಹಿಂದಿದ್ದರೂ ಹಗುರವಾಗಿತ್ತು, ಸವಾರನ ಮಾತು ಕೇಳುತ್ತಿತ್ತು.

1967ರ ಋತು

ಈ ಋತುವನ್ನು ಮೋಟಾರ್ ಸೈಕಲ್ ಓಟದ ಇತಿಹಾಸದ ಶ್ರೇಷ್ಠ ಹೋರಾಟಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಆ ವರ್ಷದ ಸೀನಿಯರ್ ಟಿ.ಟಿ.ಯಲ್ಲಿ ಹೇಲ್‌ವುಡ್ ಮತ್ತು ಅಗೊಸ್ಟಿನಿ ಕೆಲವೇ ಕ್ಷಣಗಳ ಅಂತರದಲ್ಲಿ ಹೋರಾಡಿದರು. ಹೇಲ್‌ವುಡ್ ಬೈಕಿನ ಎಕ್ಸಲರೇಟರ್ ಹಿಡಿ ಸಡಿಲಗೊಂಡು ಕಳಚುವ ಸ್ಥಿತಿಗೆ ಬಂದಿತ್ತು. ಅದನ್ನು ಕೈಯಿಂದ ಒತ್ತಿಹಿಡಿದುಕೊಂಡೇ ಅವರು ಓಟವನ್ನು ಮುಂದುವರಿಸಿದರು. ಅಗೊಸ್ಟಿನಿ ಬೈಕಿನ ಚೈನು ತುಂಡಾದುದರಿಂದ ಜಯ ಹೇಲ್‌ವುಡ್ ಅವರಿಗೆ ಸಂದಿತು. ಆ ಓಟದಲ್ಲಿ ಅವರು ಒಂದು ಸುತ್ತನ್ನು ಗಂಟೆಗೆ 175 ಕಿ.ಮೀ. ಸರಾಸರಿ ವೇಗದಲ್ಲಿ ಪೂರೈಸಿದರು. ಈ ದಾಖಲೆಯನ್ನು 1975ರವರೆಗೆ ಯಾರೂ ಮುರಿಯಲಾಗಲಿಲ್ಲ. ಅದೇ ವಾರ 250 ಮತ್ತು 350 ಸಿ.ಸಿ. ಟಿ.ಟಿ.ಗಳನ್ನೂ ಅವರು ಗೆದ್ದರು. ಆ ತಿಂಗಳ ಕೊನೆಯಲ್ಲಿ ಹಾಲೆಂಡಿನ ಅಸೆನ್‌ನಲ್ಲಿ ಒಂದೇ ದಿನ ಮೂರೂ ವರ್ಗಗಳಲ್ಲಿ ಜಯಗಳಿಸಿದರು.

ಪಟ್ಟದ ನಿರ್ಣಾಯಕ ಘಟ್ಟ ಇಟಲಿಯ ಮೊಂಜಾದಲ್ಲಿ ಬಂದಿತು. ಅಗೊಸ್ಟಿನಿಯನ್ನು ದೂರ ಹಿಂದಿಕ್ಕಿ ಹೇಲ್‌ವುಡ್ ಸುಲಭವಾಗಿ ಮುನ್ನಡೆದಿದ್ದರು. ಕೊನೆಯ ಸುತ್ತುಗಳಲ್ಲಿ ಬೈಕಿನ ಗೇರ್ ಸಿಕ್ಕಿಕೊಂಡಿತು. ಅಗೊಸ್ಟಿನಿ ತವರಿನ ಪ್ರೇಕ್ಷಕರ ಮುಂದೆ ಅವರನ್ನು ದಾಟಿ ಗೆದ್ದರು. ಕೊನೆಯ ಸುತ್ತಾದ ಕೆನಡಾ ಗ್ರ್ಯಾನ್ ಪ್ರಿಯನ್ನು ಹೇಲ್‌ವುಡ್ ಗೆದ್ದಾಗ ಇಬ್ಬರಿಗೂ 46 ಅಂಕಗಳು, ಇಬ್ಬರಿಗೂ ಐದೈದು ಜಯಗಳು ಆದವು. ಎರಡನೆಯ ಸ್ಥಾನಗಳನ್ನು ಎಣಿಸಿದಾಗ ಅಗೊಸ್ಟಿನಿಗೆ ಮೂರು, ಹೇಲ್‌ವುಡ್ ಅವರಿಗೆ ಎರಡು ಇದ್ದವು. ಆ ಒಂದರ ವ್ಯತ್ಯಾಸದಿಂದ ಪಟ್ಟ ಅಗೊಸ್ಟಿನಿಗೆ ಹೋಯಿತು.

ಆ ಕಾಲದ ನಿಯಮದಂತೆ ಪ್ರತಿ ಸುತ್ತಿನ ಮೊದಲ ಆರು ಸ್ಥಾನಗಳಿಗೆ ಕ್ರಮವಾಗಿ 8, 6, 4, 3, 2 ಮತ್ತು 1 ಅಂಕಗಳನ್ನು ನೀಡಿ, ಪ್ರತಿ ಸವಾರನ ನಿಗದಿತ ಸಂಖ್ಯೆಯ ಉತ್ತಮ ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು. 250 ಸಿ.ಸಿ. ವರ್ಗದಲ್ಲಿ ಇದೇ ನಿಯಮ ಹೇಲ್‌ವುಡ್ ಅವರಿಗೆ ಅನುಕೂಲವಾಯಿತು. ಅಲ್ಲಿ ಯಮಹಾ ಸವಾರ ಫಿಲ್ ರೀಡ್ ಅವರೊಡನೆ 50 ಅಂಕಗಳ ಸಮಬಲವಾದಾಗ, ರೀಡ್‌ಗಿಂತ ಒಂದು ಜಯ ಹೆಚ್ಚಾಗಿದ್ದುದರಿಂದ ಹೇಲ್‌ವುಡ್ ಚಾಂಪಿಯನ್ ಎನಿಸಿದರು. 350 ಸಿ.ಸಿ. ಪಟ್ಟವೂ ಆ ವರ್ಷ ಅವರದೇ ಆಯಿತು.

ಹೋಂಡಾ ನಿರ್ಗಮನ ಮತ್ತು ಅದರ ಪರಿಣಾಮ

1968ರ ಆರಂಭದಲ್ಲಿ ಹೋಂಡಾ ಕಂಪನಿ ಮೋಟಾರ್ ಸೈಕಲ್ ಗ್ರ್ಯಾನ್ ಪ್ರಿ ಓಟಗಳಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಹೇಲ್‌ವುಡ್ ಬೇರೆ ತಂಡ ಸೇರಿ ತನ್ನ ಎದುರಾಳಿಯಾಗಬಾರದೆಂದು ಕಂಪನಿ ಅವರಿಗೆ 50,000 ಪೌಂಡ್ ಕೊಟ್ಟು ವಿಶ್ವ ಚಾಂಪಿಯನ್‌ಶಿಪ್ ಓಟಗಳಿಂದ ದೂರವಿರುವಂತೆ ಒಪ್ಪಂದ ಮಾಡಿಕೊಂಡಿತು. ಪಟ್ಟಕ್ಕೆ ಸೇರದ ಓಟಗಳಲ್ಲಿ ಹೋಂಡಾ ಬೈಕುಗಳನ್ನು ಓಡಿಸಲು ಅವರಿಗೆ ಅನುಮತಿಯಿತ್ತು. ಆಗ ಅವರ ವಯಸ್ಸು 27. ಗಾಯದಿಂದಾಗಲಿ ಸೋಲಿನಿಂದಾಗಲಿ ಅಲ್ಲದೆ ಒಂದು ಕಾಗದದ ಒಪ್ಪಂದದಿಂದ ಆ ಕಾಲದ ಶ್ರೇಷ್ಠ ಸವಾರನ ಗ್ರ್ಯಾನ್ ಪ್ರಿ ಜೀವನ ಹೀಗೆ ನಿಂತುಹೋಯಿತು. ಎದುರಾಳಿ ಇಲ್ಲದ 500 ಸಿ.ಸಿ. ವರ್ಗದಲ್ಲಿ ಅಗೊಸ್ಟಿನಿ 1972ರವರೆಗೆ ಸತತವಾಗಿ ಚಾಂಪಿಯನ್ ಆದರು.

ತಂಡಗಳು ಹಿಂದೆ ಸರಿದಾಗ ಸವಾರರು ಎದುರಿಸಬೇಕಾದ ಕಷ್ಟಕ್ಕೆ ಹೇಲ್‌ವುಡ್ ಅವರ ಗೆಳೆಯ ಬಿಲ್ ಐವಿ ಅವರ ಕಥೆ ಇನ್ನೊಂದು ಉದಾಹರಣೆ. 1967ರ 125 ಸಿ.ಸಿ. ಚಾಂಪಿಯನ್ ಆಗಿದ್ದ ಐವಿ, ಯಮಹಾ ಕಂಪನಿಯೂ ಓಟದ ಕಣದಿಂದ ನಿರ್ಗಮಿಸಿದ ಮೇಲೆ ಚೆಕೊಸ್ಲೊವಾಕಿಯಾದ ಜಾವಾ ತಂಡಕ್ಕೆ ಸೇರಿದರು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಬೈಕುಗಳ ಮೂಲಕ ಕರ್ನಾಟಕದಲ್ಲಿ ಮನೆಮಾತಾದ ಹೆಸರೂ ಇದೇ ಜಾವಾ. 1969ರ ಜುಲೈನಲ್ಲಿ ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಅಭ್ಯಾಸದ ವೇಳೆ ಜಾವಾ ಬೈಕಿನಿಂದ ಬಿದ್ದು ಐವಿ ಮರಣ ಹೊಂದಿದರು.

ಹೇಲ್‌ವುಡ್ 1970 ಮತ್ತು 1971ರಲ್ಲಿ ಅಮೆರಿಕದ ಡೇಟೋನಾ 200 ಮೈಲಿ ಓಟದಲ್ಲಿ ಬ್ರಿಟನ್ನಿನ ಬಿ.ಎಸ್.ಎ. ಬೈಕುಗಳನ್ನು ಓಡಿಸಿದರು. ಎರಡು ಬಾರಿಯೂ ಬೈಕು ಕೆಟ್ಟು ಓಟವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಕಾರು ಓಟದಲ್ಲಿ

ಹೇಲ್‌ವುಡ್ 1963ರಲ್ಲಿಯೇ ಬ್ರಿಟಿಷ್ ಗ್ರ್ಯಾನ್ ಪ್ರಿಯ ಮೂಲಕ ಫಾರ್ಮುಲಾ ಒನ್ ಪ್ರವೇಶಿಸಿದ್ದರು. 1964ರ ಮೊನಾಕೊ ಓಟದಲ್ಲಿ ಆರನೆಯ ಸ್ಥಾನದೊಂದಿಗೆ ಮೊದಲ ಅಂಕವನ್ನು ಗಳಿಸಿದರು. 1965ರ ತರುವಾಯ ಆ ಕ್ಷೇತ್ರದಿಂದ ದೂರವಿದ್ದವರು, ಮೋಟಾರ್ ಸೈಕಲ್ ತಂಡವಿಲ್ಲದಂತಾದ ಮೇಲೆ ಕಾರು ಓಟಕ್ಕೇ ಹೆಚ್ಚು ಗಮನ ಕೊಟ್ಟರು. 1969ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಡೇವಿಡ್ ಹಾಬ್ಸ್ ಅವರೊಡನೆ ಫೋರ್ಡ್ ಕಾರಿನಲ್ಲಿ ಮೂರನೆಯವರಾದರು.

1971ರಲ್ಲಿ ಜಾನ್ ಸರ್ಟೀಸ್ ಅವರ ತಂಡದ ಮೂಲಕ ಫಾರ್ಮುಲಾ ಒನ್‌ಗೆ ಮರಳಿದರು. ಸರ್ಟೀಸ್ ಸಹ ಎಂ.ವಿ. ಅಗಸ್ಟಾ ತಂಡದ ಮಾಜಿ ಚಾಂಪಿಯನ್. ಮೋಟಾರ್ ಸೈಕಲ್ ಮತ್ತು ಫಾರ್ಮುಲಾ ಒನ್ ಎರಡರಲ್ಲಿಯೂ ವಿಶ್ವ ಚಾಂಪಿಯನ್ ಆದ ಏಕೈಕ ವ್ಯಕ್ತಿ ಅವರು. ಮೊಂಜಾದಲ್ಲಿ ನಡೆದ ಮರುಪ್ರವೇಶದ ಓಟದಲ್ಲಿಯೇ ಹೇಲ್‌ವುಡ್ ನಾಲ್ಕನೆಯ ಸ್ಥಾನ ಪಡೆದರು. ಆ ಓಟದಲ್ಲಿ ಮೊದಲ ಐದು ಕಾರುಗಳ ನಡುವಿನ ಅಂತರ ಕೇವಲ 0.61 ಸೆಕೆಂಡ್. 1972ರಲ್ಲಿ ಯುರೋಪಿನ ಫಾರ್ಮುಲಾ ಟೂ ಚಾಂಪಿಯನ್ ಆದರು. ಅದೇ ವರ್ಷ ಮೊಂಜಾದಲ್ಲಿ ಪಡೆದ ಎರಡನೆಯ ಸ್ಥಾನ ಅವರ ಫಾರ್ಮುಲಾ ಒನ್ ಜೀವನದ ಅತ್ಯುತ್ತಮ ಸಾಧನೆ.

1973ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ನಡೆದ ಓಟದಲ್ಲಿ ಹೇಲ್‌ವುಡ್ ಮತ್ತು ಸ್ವಿಟ್ಜರ್‌ಲೆಂಡಿನ ಕ್ಲೇ ರೆಗಝೋನಿ ಅವರ ಕಾರುಗಳು ಡಿಕ್ಕಿಯಾದವು. ರೆಗಝೋನಿ ಪ್ರಜ್ಞೆ ತಪ್ಪಿ ಉರಿಯುವ ಕಾರಿನೊಳಗೆ ಸಿಕ್ಕಿಬಿದ್ದಿದ್ದರು. ತಮ್ಮ ಕಾರಿನಿಂದ ಹೊರಬಂದ ಹೇಲ್‌ವುಡ್ ಬೆಂಕಿಗೆ ನುಗ್ಗಿ ಅವರ ಸೀಟ್ ಬೆಲ್ಟ್ ಬಿಚ್ಚತೊಡಗಿದರು. ಅವರ ಉಡುಪಿಗೇ ಬೆಂಕಿ ಹೊತ್ತಿಕೊಂಡಿತು. ಅದನ್ನು ಆರಿಸಿದ ಮೇಲೆ ಮತ್ತೆ ಹೋಗಿ ರೆಗಝೋನಿಯನ್ನು ಹೊರಗೆಳೆದರು. ರೆಗಝೋನಿ ಬದುಕುಳಿದರು. ಈ ಕಾರ್ಯಕ್ಕಾಗಿ ಬ್ರಿಟಿಷ್ ಸರಕಾರ ಹೇಲ್‌ವುಡ್ ಅವರಿಗೆ ನಾಗರಿಕ ಶೌರ್ಯಕ್ಕೆ ನೀಡುವ ಜಾರ್ಜ್ ಪದಕವನ್ನು ನೀಡಿ ಗೌರವಿಸಿತು.

1974ರಲ್ಲಿ ಮ್ಯಾಕ್‌ಲಾರೆನ್ ಕಾರಿಗೆ ಬದಲಾದ ಹೇಲ್‌ವುಡ್ ಅದೇ ಕ್ಯಾಲಾಮಿಯಲ್ಲಿ ಮೂರನೆಯವರಾದರು. ಆದರೆ ಆಗಸ್ಟ್‌ನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ ಅಪಘಾತದಲ್ಲಿ ಕಾಲು ತೀವ್ರವಾಗಿ ಮುರಿದು ಅವರ ಫಾರ್ಮುಲಾ ಒನ್ ಜೀವನ ಮುಗಿಯಿತು. ಮುಂದೆ ಕುಟುಂಬದೊಡನೆ ನ್ಯೂಜಿಲೆಂಡಿನಲ್ಲಿ ನೆಲೆಸಿದರು.

ಟಿ.ಟಿ.ಗೆ ಮರಳಿಕೆ (1978–1979)

ಹನ್ನೊಂದು ವರ್ಷಗಳ ತರುವಾಯ, 38ನೆಯ ವಯಸ್ಸಿನಲ್ಲಿ, ಮುರಿದು ಕೂಡಿದ ಕಾಲಿನೊಂದಿಗೆ ಹೇಲ್‌ವುಡ್ ಮತ್ತೆ ಐಲ್ ಆಫ್ ಮ್ಯಾನ್‌ಗೆ ಬರುವುದಾಗಿ ತಿಳಿಸಿದಾಗ ಹಲವರಿಗೆ ಆತಂಕವಾಯಿತು. ಈ ಅವಧಿಯಲ್ಲಿ ಬೈಕುಗಳು, ಟೈರುಗಳು, ಸವಾರಿಯ ಶೈಲಿ ಎಲ್ಲವೂ ಬದಲಾಗಿದ್ದವು. ಅಪಾಯದ ಕಾರಣದಿಂದ ಪ್ರಮುಖ ಸವಾರರು ಬಹಿಷ್ಕರಿಸಿದ್ದರಿಂದ 1976ರ ತರುವಾಯ ಟಿ.ಟಿ.ಯನ್ನು ಗ್ರ್ಯಾನ್ ಪ್ರಿ ಪಟ್ಟಿಯಿಂದಲೇ ಕೈಬಿಡಲಾಗಿತ್ತು. ಅವರಿಗೆ ದೊರೆತ ಬೈಕು ಕಾರ್ಖಾನೆಯ ದೊಡ್ಡ ತಂಡದ್ದಾಗಿರಲಿಲ್ಲ. ಮ್ಯಾಂಚೆಸ್ಟರಿನ ಸ್ಪೋರ್ಟ್ಸ್ ಮೋಟಾರ್‌ಸೈಕಲ್ಸ್ ಎಂಬ ವ್ಯಾಪಾರ ಸಂಸ್ಥೆಯ ಸ್ಟೀವ್ ವಿನ್ ಸಿದ್ಧಪಡಿಸಿದ ಎರಡು ಸಿಲಿಂಡರಿನ ಡುಕಾಟಿ ಅದಾಗಿತ್ತು.

3 ಜೂನ್ 1978ರಂದು ಆರು ಸುತ್ತುಗಳ ಫಾರ್ಮುಲಾ ಒನ್ ಟಿ.ಟಿ. ನಡೆಯಿತು. ಇದು ಮೋಟಾರ್ ಸೈಕಲ್ ವರ್ಗವೊಂದರ ಹೆಸರು. ಕಾರುಗಳ ಫಾರ್ಮುಲಾ ಒನ್‌ಗೂ ಇದಕ್ಕೂ ಸಂಬಂಧವಿಲ್ಲ. ಮುಖ್ಯ ಎದುರಾಳಿ ಹೋಂಡಾ ಕಾರ್ಖಾನೆಯ ಬೆಂಬಲ ಪಡೆದ ಹಳೆಯ ಪ್ರತಿಸ್ಪರ್ಧಿ ಫಿಲ್ ರೀಡ್. ರೀಡ್ 50 ಸೆಕೆಂಡ್ ಮೊದಲು ಹೊರಟಿದ್ದರು. ಹೇಲ್‌ವುಡ್ ಸುತ್ತಿನಿಂದ ಸುತ್ತಿಗೆ ಅಂತರವನ್ನು ಕಡಿಮೆ ಮಾಡುತ್ತ ಬಂದು ರಸ್ತೆಯಲ್ಲಿಯೇ ಅವರನ್ನು ಹಿಡಿದರು. ರೀಡ್ ಬೈಕಿನ ಎಣ್ಣೆ ಸೋರಿ ಅವರು ನಿವೃತ್ತರಾದರು. ಹೇಲ್‌ವುಡ್ ಗಂಟೆಗೆ ಸುಮಾರು 174 ಕಿ.ಮೀ. ಸರಾಸರಿಯಲ್ಲಿ ಓಟವನ್ನು ಗೆದ್ದರು. ಡುಕಾಟಿಯ ಎಂಜಿನ್ ಗುರಿಯ ಗೆರೆ ದಾಟುವವರೆಗೆ ಮಾತ್ರ ಬಾಳಿ ಅಲ್ಲಿಯೇ ಕೆಟ್ಟುನಿಂತಿತು. ಆ ವರ್ಷ ಈ ವರ್ಗದ ವಿಶ್ವ ಪಟ್ಟ ಈ ಒಂದೇ ಓಟದಿಂದ ನಿರ್ಧಾರವಾಗುತ್ತಿದ್ದುದರಿಂದ ಅವರಿಗೆ ಮತ್ತೊಂದು ಚಾಂಪಿಯನ್ ಗೌರವ ದೊರೆಯಿತು. ಮೊದಲ ಗ್ರ್ಯಾನ್ ಪ್ರಿ ಜಯವನ್ನು ತಂದುಕೊಟ್ಟಿದ್ದ ಡುಕಾಟಿ ಹೆಸರೇ ಮರಳಿಕೆಯ ಜಯಕ್ಕೂ ಕಾರಣವಾಯಿತು. ಅದೇ ಟಿ.ಟಿ.ಯಲ್ಲಿ ಅವರು ಓಡಿಸಿದ ಯಮಹಾ ಬೈಕುಗಳು ಜಯ ತರಲಿಲ್ಲ.

1979ರಲ್ಲಿ ಸುಜುಕಿ ಬೈಕಿನಲ್ಲಿ ಸೀನಿಯರ್ ಟಿ.ಟಿ.ಯನ್ನು ಗಂಟೆಗೆ ಸುಮಾರು 180 ಕಿ.ಮೀ. ಸರಾಸರಿ ವೇಗದಲ್ಲಿ ಗೆದ್ದರು. ಇದು ಅವರ ಹದಿನಾಲ್ಕನೆಯ ಹಾಗೂ ಕೊನೆಯ ಟಿ.ಟಿ. ವಿಜಯ. ಅದೇ ವಾರದ ಕ್ಲಾಸಿಕ್ ಟಿ.ಟಿ.ಯಲ್ಲಿ, ಹೆಚ್ಚು ಸಾಮರ್ಥ್ಯದ ಹೋಂಡಾ ಬೈಕಿನಲ್ಲಿದ್ದ ಅಲೆಕ್ಸ್ ಜಾರ್ಜ್ ಅವರಿಗೆ ಕೆಲವೇ ಸೆಕೆಂಡ್‌ಗಳಿಂದ ಸೋತರು. ಬಳಿಕ ಅಭ್ಯಾಸದಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ ಅವರು ಓಟದಿಂದ ನಿವೃತ್ತರಾದರು. ಮಾಜಿ ಚಾಂಪಿಯನ್ ರಾಡ್ನಿ ಗೋಲ್ಡ್ ಅವರೊಡನೆ ಬರ್ಮಿಂಗ್‌ಹ್ಯಾಮಿನಲ್ಲಿ ಮೋಟಾರ್ ಸೈಕಲ್ ಅಂಗಡಿಯನ್ನು ತೆರೆದರು.

ಮರಣ

21 ಮಾರ್ಚ್ 1981ರ ಶನಿವಾರ ಸಂಜೆ ಹೇಲ್‌ವುಡ್ ತಮ್ಮ ಇಬ್ಬರು ಮಕ್ಕಳೊಡನೆ ಊಟದ ತಿನಿಸು ತರಲು ಕಾರಿನಲ್ಲಿ ಹೊರಟಿದ್ದರು. ವಾರ್ವಿಕ್‌ಶೈರ್‌ನ ಟ್ಯಾನ್‌ವರ್ತ್-ಇನ್-ಆರ್ಡನ್ ಸಮೀಪದ ಹೆದ್ದಾರಿಯಲ್ಲಿ ಲಾರಿಯೊಂದು ನಿಯಮ ಮೀರಿ ರಸ್ತೆ ವಿಭಜಕದ ತೆರವಿನಲ್ಲಿ ತಿರುಗಿಕೊಳ್ಳುತ್ತಿತ್ತು. ಕಾರು ಅದಕ್ಕೆ ಡಿಕ್ಕಿ ಹೊಡೆಯಿತು. ಒಂಬತ್ತು ವರ್ಷದ ಮಗಳು ಸ್ಥಳದಲ್ಲಿಯೇ ಅಸುನೀಗಿದಳು. ಮಗ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದನು. ಎರಡು ದಿನಗಳ ತರುವಾಯ, ಮಾರ್ಚ್ 23ರಂದು ಹೇಲ್‌ವುಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 40 ವರ್ಷ. ಲಾರಿ ಚಾಲಕನಿಗೆ ನ್ಯಾಯಾಲಯ ವಿಧಿಸಿದ ದಂಡ 100 ಪೌಂಡ್. ಜಗತ್ತಿನ ಅತ್ಯಂತ ಅಪಾಯಕಾರಿ ಪಥಗಳಲ್ಲಿ ಎರಡು ದಶಕ ಓಡಿ ಉಳಿದಿದ್ದ ವ್ಯಕ್ತಿ ದಿನನಿತ್ಯದ ರಸ್ತೆಯಲ್ಲಿ, ಮತ್ತೊಬ್ಬರ ಅಜಾಗರೂಕತೆಯಿಂದ ಪ್ರಾಣ ಕಳೆದುಕೊಂಡದ್ದು ಕ್ರೀಡಾಲೋಕವನ್ನು ದುಃಖದಲ್ಲಿ ಮುಳುಗಿಸಿತು.

ಸವಾರಿಯ ವೈಶಿಷ್ಟ್ಯ

ಹೇಲ್‌ವುಡ್ ಯಂತ್ರಶಾಸ್ತ್ರದಲ್ಲಿ ಪರಿಣತರಾಗಿರಲಿಲ್ಲ. ಬೈಕಿನ ದೋಷವನ್ನು ವಿವರವಾಗಿ ತಿಳಿಸಿ ಸರಿಪಡಿಸಿಕೊಳ್ಳುವುದಕ್ಕಿಂತ, ದೋಷವಿರುವ ಬೈಕನ್ನೇ ವೇಗವಾಗಿ ಓಡಿಸುವುದು ಅವರ ಸ್ವಭಾವವಾಗಿತ್ತು. ಇದು ಅವರ ಶಕ್ತಿಯೂ ಹೌದು, ಒಂದು ಮಿತಿಯೂ ಹೌದು. ಹೋಂಡಾದ 500 ಸಿ.ಸಿ. ಬೈಕು ಎಷ್ಟು ಕೆಟ್ಟದಾಗಿ ವರ್ತಿಸುತ್ತಿದ್ದರೂ ಅದರಲ್ಲಿ ಅವರು ಗೆಲ್ಲುತ್ತಿದ್ದುದರಿಂದ, ಅದರ ಚಾಸಿಸ್ ಬದಲಿಸಬೇಕೆಂಬ ಒತ್ತಡ ಕಂಪನಿಯ ಮೇಲೆ ಸಾಕಷ್ಟು ಬೀಳಲಿಲ್ಲ ಎಂದು ಹೇಳಬಹುದು. ಎಂ.ವಿ. ತಂಡದಲ್ಲಿ ಯಂತ್ರ ಮತ್ತು ಸವಾರ ಇಬ್ಬರೂ ಸಮರ್ಥರಾಗಿದ್ದಾಗ ನಾಲ್ಕು ಪಟ್ಟಗಳು ಬಂದವು. ಹೋಂಡಾ ತಂಡದ ದೊಡ್ಡ ವರ್ಗದಲ್ಲಿ ಸವಾರನೊಬ್ಬನೇ ಸಮರ್ಥನಾಗಿದ್ದಾಗ ಜಯಗಳು ಬಂದವು, ಪಟ್ಟ ಬರಲಿಲ್ಲ.

ಗೌರವಗಳು ಮತ್ತು ಸ್ಮರಣೆ

1968ರಲ್ಲಿ ಬ್ರಿಟಿಷ್ ಸರಕಾರ ಹೇಲ್‌ವುಡ್ ಅವರಿಗೆ ಎಂ.ಬಿ.ಇ. ಪದವಿ ನೀಡಿತು. 2000ದಲ್ಲಿ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟ ಅವರನ್ನು ಗ್ರ್ಯಾನ್ ಪ್ರಿ ದಂತಕಥೆಗಳ ಪಟ್ಟಿಗೆ ಸೇರಿಸಿತು. ಟಿ.ಟಿ. ಪಥದ ಬೆಟ್ಟದ ಮೇಲಿನ ಅತಿ ಎತ್ತರದ ಭಾಗಕ್ಕೆ ಅವರ ಹೆಸರನ್ನು ಇಡಲಾಗಿದೆ. 1978ರ ಜಯದ ನೆನಪಿಗಾಗಿ ಡುಕಾಟಿ ಕಂಪನಿ ‘ಮೈಕ್ ಹೇಲ್‌ವುಡ್ ರೆಪ್ಲಿಕಾ’ ಎಂಬ ಮಾದರಿಯನ್ನು ಹಲವು ವರ್ಷ ತಯಾರಿಸಿತು. 2000ದ ಜನವರಿ 1ರಂದು ಅದೇ ಕಂಪನಿ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಮತ್ತೊಂದು ಮಾದರಿಯ ಮಾರಾಟವನ್ನು ಅಂತರಜಾಲದ ಮೂಲಕ ಆರಂಭಿಸಿತು.

ವಿಶ್ವ ಚಾಂಪಿಯನ್ ಪಟ್ಟಗಳು

1961 – 250 ಸಿ.ಸಿ. – ಹೋಂಡಾ
1962 – 500 ಸಿ.ಸಿ. – ಎಂ.ವಿ. ಅಗಸ್ಟಾ
1963 – 500 ಸಿ.ಸಿ. – ಎಂ.ವಿ. ಅಗಸ್ಟಾ
1964 – 500 ಸಿ.ಸಿ. – ಎಂ.ವಿ. ಅಗಸ್ಟಾ
1965 – 500 ಸಿ.ಸಿ. – ಎಂ.ವಿ. ಅಗಸ್ಟಾ
1966 – 250 ಮತ್ತು 350 ಸಿ.ಸಿ. – ಹೋಂಡಾ
1967 – 250 ಮತ್ತು 350 ಸಿ.ಸಿ. – ಹೋಂಡಾ
1978 – ಟಿ.ಟಿ. ಫಾರ್ಮುಲಾ ಒನ್ – ಡುಕಾಟಿ (ಗ್ರ್ಯಾನ್ ಪ್ರಿ ಪಟ್ಟಗಳ ಎಣಿಕೆಗೆ ಸೇರುವುದಿಲ್ಲ)